ಜೋಳದ ರೊಟ್ಟಿ ಹರೀತಿದೆಯಾ? ಮೊದಲು ಎಸರು ನೋಡಿ

ಪ್ರಶ್ನೆ: ನನ್ನ ಊರು ಸಿಂದಗಿ ಹತ್ತಿರ. ಬೆಂಗಳೂರಿನಲ್ಲಿ ಕೆಲಸ, ಬಾಡಿಗೆ ರೂಮಿನಲ್ಲಿ ಒಬ್ಬನೇ ಇದ್ದೇನೆ. ಅವ್ವನಿಗೆ ಮಣಿಕಟ್ಟಿನ ನೋವು ಶುರುವಾದ ಮೇಲೆ ಊರಿನಿಂದ ರೊಟ್ಟಿ ಗಂಟು ಬರುವುದು ನಿಂತಿದೆ. ನಾನೇ ಕಲಿಯೋಣ ಅಂತ ಹೊರಟೆ. ಫೋನಿನಲ್ಲಿ ಕೇಳಿದರೆ ಅವ್ವ "ಎಸರ ಹಾಕು, ನಾದು, ಬಡಿ, ಅಷ್ಟ" ಅನ್ನುತ್ತಾಳೆ. ಅಳತೆ ಕೇಳಿದರೆ ನಗುತ್ತಾಳೆ. ಅಂಗಡಿಯಿಂದ ಪ್ಯಾಕೆಟ್ ಹಿಟ್ಟು ತಂದು ಮೂರು ಸಲ ಮಾಡಿದೆ. ಅಂಚು ಬಿರಿಯುತ್ತದೆ, ಎತ್ತುವಾಗ ಹರಿದುಹೋಗುತ್ತದೆ, ಉಬ್ಬುವುದಂತೂ ಇಲ್ಲವೇ ಇಲ್ಲ. ನನ್ನ ಹತ್ತಿರ ಇರುವುದು ಒಂದು ಇಂಡಕ್ಷನ್ ಒಲೆ, ಒಂದು ನಾನ್‌ಸ್ಟಿಕ್ ತವಾ. ಸ್ವಲ್ಪ ಗೋಧಿ ಹಿಟ್ಟು ಬೆರೆಸಿದರೆ ನಡೆಯುತ್ತದಾ? ಲಟ್ಟಿಸಬಹುದಾ? ಎಲ್ಲಿ ತಪ್ಪುತ್ತಿದ್ದೇನೆ ಹೇಳಿ.

ಉತ್ತರ: ನಿಮ್ಮ ಅವ್ವ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಎಸರು, ಅಂದರೆ ಕುದಿಯುವ ನೀರು, ಹಾಕುವುದು, ನಾದುವುದು, ಬಡಿಯುವುದು, ಅಷ್ಟೇ. ಆದರೆ ದಿನಾ ರೊಟ್ಟಿ ಬಡಿದವರಿಗೆ ಆ "ಅಷ್ಟ" ಅನ್ನುವುದರೊಳಗೆ ಏನೇನು ಇದೆ ಅಂತ ನೆನಪಿರುವುದಿಲ್ಲ. ಕೈಗೆ ಗೊತ್ತಿರುತ್ತದೆ, ಬಾಯಿಗೆ ಬರುವುದಿಲ್ಲ. ನನಗೆ ನೆನಪಿದೆ. ಯಾಕೆಂದರೆ ನಾನು ರೊಟ್ಟಿ ಊರಿನವಳಲ್ಲ. ಶಿರಸಿ ಕಡೆ ಅನ್ನ, ತೆಳ್ಳೇವು ತಿಂದು ಬೆಳೆದು, 23ನೇ ವಯಸ್ಸಿಗೆ ವಿಜಯಪುರದ ಮನೆಗೆ ಸೊಸೆಯಾಗಿ ಬಂದವಳು. ಮೊದಲ ಎರಡು ತಿಂಗಳು ನಾನು ಮಾಡಿದ ರೊಟ್ಟಿ ಸೀದಾ ಎಮ್ಮೆಗೆ ಹೋಗುತ್ತಿತ್ತು. ಎಮ್ಮೆಯೂ ಒಂದೊಂದು ದಿನ ಮೂಸಿ ಸುಮ್ನೆ ನಿಲ್ಲುತ್ತಿತ್ತು. ಈಗ 18 ವರ್ಷದಿಂದ ರೊಟ್ಟಿ ಮಾಡುವುದನ್ನು ಬೇರೆಯವರಿಗೆ ಕಲಿಸುತ್ತಿದ್ದೇನೆ. ಮೂರು ಸಲ ಸೋತು ಬಂದವರೇ ನನ್ನ ಹತ್ತಿರ ಜಾಸ್ತಿ ಬರುವುದು. ಹಾಗಾಗಿ ಬೇಜಾರು ಬೇಡ.

ನಿಮ್ಮ ಕೈ ಮೇಲೆ ನನಗೆ ಅನುಮಾನ ಇಲ್ಲ. ನಿಮ್ಮ ಹಿಟ್ಟು ಮತ್ತು ನಿಮ್ಮ ನೀರಿನ ಮೇಲೆ ಇದೆ. ಹರಿಯುವ ರೊಟ್ಟಿಯಲ್ಲಿ ಹತ್ತಕ್ಕೆ ಎಂಟು ಬಡಿಯುವ ಮೊದಲೇ ಕೆಟ್ಟಿರುತ್ತವೆ.

ಚಪಾತಿ ಮಾಡಿ ಗೊತ್ತಿದ್ದರೆ ಅದನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಗೋಧಿ ಹಿಟ್ಟಿಗೆ ತಣ್ಣೀರು ಹಾಕಿ ನಾದಿದರೆ ಸಾಕು, ಗ್ಲುಟನ್ ಅನ್ನುವ ರಬ್ಬರಿನಂಥ ಅಂಶ ಕಟ್ಟಿಕೊಳ್ಳುತ್ತದೆ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಜೋಳದಲ್ಲಿ ಅದು ಇಲ್ಲ. ಎಷ್ಟು ಹೊತ್ತು ನಾದಿದರೂ ಬರುವುದಿಲ್ಲ. ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟು ಒದ್ದೆ ಮರಳಿದ್ದ ಹಾಗೆ. ಮುಷ್ಟಿ ಕಟ್ಟಿದರೆ ನಿಲ್ಲುತ್ತದೆ, ಅಗಲ ಮಾಡಹೋದರೆ ಬಿರಿಯುತ್ತದೆ.

ಹಾಗಾದರೆ ರೊಟ್ಟಿಯನ್ನು ಹಿಡಿದಿಡುವುದು ಏನು? ಗಂಜಿ. ಕಾಟನ್ ಸೀರೆಗೆ ಹಾಕುವ ಗಂಜಿ ನೋಡಿದ್ದೀರಲ್ಲ, ಅದೇ. ಹಿಟ್ಟಿನಲ್ಲಿರುವ ಪಿಷ್ಟಕ್ಕೆ ನೀರು ಮತ್ತು ಸಾಕಷ್ಟು ಬಿಸಿ ಎರಡೂ ಸಿಕ್ಕರೆ ಅದು ಉಬ್ಬಿ, ಬೆಂದು, ಅಂಟಾಗುತ್ತದೆ. ಜೋಳದ ಪಿಷ್ಟಕ್ಕೆ ಸುಮಾರು 70 ಡಿಗ್ರಿ ಬೇಕು. ಅದಕ್ಕಿಂತ ಕೆಳಗೆ ಬರೀ ನೆನೆಯುತ್ತದೆ, ಬೇಯುವುದಿಲ್ಲ. ಎಸರು ಹಾಕುವುದು ಅಂದರೆ ಹಿಟ್ಟಿನ ಒಂದು ಪಾಲನ್ನು ಅಲ್ಲೇ ಗಂಜಿ ಮಾಡಿ, ಆ ಗಂಜಿಯಿಂದ ಉಳಿದ ಹಿಟ್ಟನ್ನು ಅಂಟಿಸುವುದು. ನಮ್ಮ ಕಡೆ ಇದನ್ನೇ "ಹಿಟ್ಟಿಗೆ ಜಿಗಿ ಬಂತು" ಅನ್ನುತ್ತಾರೆ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ, ನೀವು ಕಂಪ್ಯೂಟರ್ ಕೆಲಸದವರು ಇರಬಹುದು, ಇಷ್ಟ ಆಗುತ್ತದೆ. ಕಾಲು ಕೆಜಿ ಹಿಟ್ಟು, ಅದು ರೂಮಿನ ಶಾಖದಲ್ಲಿ 25 ಡಿಗ್ರಿ ಇದೆ. ಅದಕ್ಕೆ 200 ಎಂಎಲ್ ಕುದಿಯುವ ನೀರು ಹಾಕಿದಿರಿ. ಒಂದು ಚೂರೂ ಬಿಸಿ ಪೋಲಾಗದಿದ್ದರೆ ಎರಡೂ ಸೇರಿ 75 ಡಿಗ್ರಿಯ ಆಸುಪಾಸಿಗೆ ಬಂದು ನಿಲ್ಲುತ್ತದೆ. ಅಂದರೆ ನಮ್ಮ ಕೈಯಲ್ಲಿರುವುದು ಬರೀ ಐದು ಡಿಗ್ರಿಯ ಅವಕಾಶ! ಈಗ ನೀವು ಮಾಡಿದ್ದನ್ನು ನೆನಪು ಮಾಡಿಕೊಳ್ಳಿ. ನೀರಿನ ತಳದಲ್ಲಿ ಗುಳ್ಳೆ ಕಂಡ ತಕ್ಷಣ ಒಲೆ ಆರಿಸಿದ್ದಿರಾ? ಅಗಲವಾದ ತಣ್ಣನೆ ಸ್ಟೀಲ್ ತಟ್ಟೆಯಲ್ಲಿ ಹಿಟ್ಟು ಹರಡಿದ್ದಿರಾ? ತಲೆ ಮೇಲೆ ಫ್ಯಾನ್ ತಿರುಗುತ್ತಿತ್ತಾ? ಹಾಗಿದ್ದರೆ ನಿಮ್ಮ ಹಿಟ್ಟು 60 ದಾಟಿರುವುದಿಲ್ಲ. ಎಸರು ಹಾಕಿದ ಹಾಗೆ ಕಾಣುತ್ತದೆ, ಹಿಟ್ಟಿಗೆ ಎಸರು ಮುಟ್ಟಿರುವುದಿಲ್ಲ.

ನನ್ನ ಅತ್ತೆಯವರು ರೊಟ್ಟಿ ಹಿಟ್ಟು ಕಲಸುತ್ತಿದ್ದುದು ಮರದ ದೊಡ್ಡ ಮರಿಗೆಯಲ್ಲಿ. ನಾನು ಅದನ್ನು ಹಳೇ ಕಾಲದ ಗೀಳು ಅಂದುಕೊಂಡಿದ್ದೆ. ಮರ ಬಿಸಿಯನ್ನು ಎಳೆದುಕೊಳ್ಳುವುದಿಲ್ಲ, ಸ್ಟೀಲು ಎಳೆದುಕೊಳ್ಳುತ್ತದೆ ಅನ್ನುವುದು ಹೊಳೆಯಲು ನನಗೆ ವರ್ಷಗಳೇ ಬೇಕಾದವು.

ನೀವು ಮರಿಗೆ ಹುಡುಕಿಕೊಂಡು ಹೋಗಬೇಕಿಲ್ಲ. ಹೀಗೆ ಮಾಡಿ. ಕಿರಿದಾದ, ಸ್ವಲ್ಪ ಆಳದ ಪಾತ್ರೆ ತೆಗೆದುಕೊಳ್ಳಿ. ಅದರಲ್ಲಿ ಬಿಸಿನೀರು ತುಂಬಿಸಿ ಎರಡು ನಿಮಿಷ ಇಟ್ಟು ಚೆಲ್ಲಿ ಒರೆಸಿ, ಪಾತ್ರೆ ಬೆಚ್ಚಗಾಯಿತು. 250 ಗ್ರಾಂ ಹಿಟ್ಟು ಹಾಕಿ. ಒಂದು ಹಿಡಿ ಹಿಟ್ಟು ಬೇರೆ ತೆಗೆದಿಡಿ, ಬಡಿಯುವಾಗ ಬೇಕು. ಉಪ್ಪು ಬೇಕಿದ್ದರೆ ಒಂದು ಚಿಟಿಕೆ, ನಮ್ಮ ಮನೆಯಲ್ಲಿ ಹಾಕುವುದಿಲ್ಲ. ಹಿಟ್ಟನ್ನು ಗುಡ್ಡೆ ಮಾಡಿ ನಡುವೆ ಕುಣಿ ತೋಡಿ. ನೀರು ಕುದ್ದು ಕುಣಿಯುತ್ತಿರುವಾಗಲೇ 200 ಎಂಎಲ್ ಅಳೆದು ಆ ಕುಣಿಗೆ ಸುರಿಯಿರಿ. ಕೂಡಲೇ ಕಲಸಬೇಡಿ. ಸುತ್ತಲಿನ ಒಣ ಹಿಟ್ಟನ್ನು ಚಮಚದಿಂದ ನೀರಿನ ಮೇಲೆ ಎಳೆದು ಮುಚ್ಚಿ, ಪಾತ್ರೆಗೆ ತಟ್ಟೆ ಮುಚ್ಚಿ ಐದು ನಿಮಿಷ ಬಿಟ್ಟುಬಿಡಿ. ಒಳಗಿನ ಹಿಟ್ಟು ಚೆನ್ನಾಗಿ ಬೇಯುತ್ತದೆ, ಮೇಲಿನ ಒಣ ಹಿಟ್ಟು ಕಂಬಳಿ ಹೊದಿಸಿದ ಹಾಗೆ ಬಿಸಿ ಕಾಯುತ್ತದೆ. ಆಮೇಲೆ ಚಮಚದಿಂದ ಕಲಸಿ. ಗಂಟು ಗಂಟಾಗಿ, ಪುಡಿ ಪುಡಿಯಾಗಿ, ನೋಡಲು ಚೆನ್ನಾಗಿಲ್ಲದ ಹಿಟ್ಟು ಕಾಣುತ್ತದೆ. ಹೆದರಬೇಡಿ, ಹಾಗೇ ಇರಬೇಕು. ಕೈಗೆ ತಡೆಯುವಷ್ಟು ಆರಿದ ಮೇಲೆ ನಾದುವುದು.

ಹಿಟ್ಟು ಹಳೆಯದು ಅನ್ನಿಸಿದರೆ ಇನ್ನೊಂದು ದಾರಿ ಇದೆ. ಅಕ್ಕಿ ರೊಟ್ಟಿಗೆ ಉಕ್ಕರಿಸುತ್ತಾರಲ್ಲ, ಹಾಗೆ. ನೀರು ಒಲೆಯ ಮೇಲೆ ಕುದಿಯುತ್ತಿರುವಾಗಲೇ ಹಿಟ್ಟಿನ ಅರ್ಧ ಪಾಲು ಅದಕ್ಕೆ ಹಾಕಿ, ತಿರುವಿ, ಮುಚ್ಚಿ ಇಳಿಸಿ. ಉಳಿದರ್ಧ ಒಣ ಹಿಟ್ಟನ್ನು ನಾದುವಾಗ ಸೇರಿಸಿ. ವಿಜಯಪುರದಲ್ಲಿ ಈ ಮಾತು ಹೇಳಿದರೆ ಹಿರಿಯರು ಮೂಗು ಮುರಿಯುತ್ತಾರೆ. ಪ್ಯಾಕೆಟ್ ಹಿಟ್ಟು ತಿನ್ನುವವರಿಗೆ ನಾನು ಇದನ್ನೇ ಕಲಿಸುತ್ತೇನೆ. ಆದರೆ ಎಲ್ಲಾ ಹಿಟ್ಟನ್ನೂ ಬೇಯಿಸಿಬಿಡಬೇಡಿ. ಪೂರ್ತಿ ಬೆಂದರೆ ಹಿಟ್ಟು ಅಂಟಂಟಾಗಿ ಕೈಬಿಡುವುದಿಲ್ಲ, ರೊಟ್ಟಿ ಹಲ್ಲಿಗೆ ಅಂಟುತ್ತದೆ.

ಈಗ ಹಿಟ್ಟಿನ ವಿಷಯ. ಮೂರು ಸಲ ಮಾಡಿದ್ದೇನೆ ಅಂದಿರಿ, ಮೂರೂ ಸಲ ಅದೇ ಪ್ಯಾಕೆಟ್ಟಾ? ಅದನ್ನು ಬೀಸಿದ ತಿಂಗಳು ಓದಿ ನೋಡಿದ್ದೀರಾ? ಜೋಳದ ಮೊಳಕೆಯ ಭಾಗದಲ್ಲಿ ಎಣ್ಣೆಯಂಶ ಇದೆ. ಇಡೀ ಕಾಳಿನಲ್ಲಿ ಅದು ಜೋಪಾನವಾಗಿರುತ್ತದೆ. ಬೀಸಿದ ಮೇಲೆ ಗಾಳಿಗೆ ಸಿಕ್ಕಿ ದಿನದಿನಕ್ಕೆ ಕೆಡುತ್ತಾ ಹೋಗುತ್ತದೆ. ಮೊದಲು ಜಿಗಿ ಕಮ್ಮಿಯಾಗುತ್ತದೆ, ಆಮೇಲೆ ಕಹಿ ಬರುತ್ತದೆ. ಒಂದು ಚಿಟಿಕೆ ಹಸಿ ಹಿಟ್ಟು ನಾಲಿಗೆ ಮೇಲೆ ಇಟ್ಟುಕೊಳ್ಳಿ. ಒಳ್ಳೆಯ ಹಿಟ್ಟು ಮೆಲ್ಲಗೆ ಸಿಹಿ ಅನ್ನಿಸುತ್ತದೆ. ಗಂಟಲಲ್ಲಿ ಕಹಿ ಉಳಿದರೆ ಆ ಹಿಟ್ಟಿನ ಜೊತೆ ಗುದ್ದಾಡಬೇಡಿ. ಕಳೆದ ಬೇಸಿಗೆಯಲ್ಲಿ ನಾನೇ ಒಂದು ಅಂಗಡಿಯಲ್ಲಿ ಚೆಂದದ ಕವರು ನೋಡಿ ಮೋಸಹೋಗಿ ಒಂದು ಕೆಜಿ ತಂದೆ. 20 ವರ್ಷ ರೊಟ್ಟಿ ಬಡಿದ ಕೈಯಲ್ಲೂ ಅದು ಹರಿದುಹೋಯಿತು.

ಕಾಳು ತಂದು ಗಿರಣಿಯಲ್ಲಿ ಬೀಸಿಸುವುದೇ ಒಳ್ಳೆಯದು. ಬೆಂಗಳೂರಿನಲ್ಲಿ ನಮ್ಮ ಕಡೆಯವರ ಅಂಗಡಿಗಳಲ್ಲಿ ಬಿಳಿಜೋಳ ಸಿಗುತ್ತದೆ. ಕೇಳುವಾಗ ಹಿಂಗಾರಿ ಜೋಳ, ಅದರಲ್ಲೂ ಮಾಲ್ದಂಡಿ ತಳಿ ಅಂತ ಕೇಳಿ. ಊರಿಗೆ ಹೋದಾಗ ತಂದುಕೊಂಡರಂತೂ ಇನ್ನೂ ಚೆನ್ನ, ಸಿಂದಗಿಯವರಿಗೆ ನಾನು ಜೋಳದ ವಿಷಯ ಹೇಳುವುದೇ ತಮಾಷೆ. ಆದರೂ ಯಾಕೆ ಅಂತ ಹೇಳಿಬಿಡುತ್ತೇನೆ. ಮುಂಗಾರಿನ ಜೋಳದ ತೆನೆ ಬಲಿಯುವ ಹೊತ್ತಿಗೆ ಮಳೆ ಬಂದರೆ ಕಾಳಿಗೆ ಬೂಸ್ಟು ಹತ್ತಿ ಕಪ್ಪಾಗುತ್ತದೆ. ಹಿಂಗಾರಿಯದು ಹಾಗಲ್ಲ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತುತ್ತಾರೆ, ಎರಿ ಮಣ್ಣು, ಅಂದರೆ ಕಪ್ಪು ಮಣ್ಣು, ಹಿಡಿದಿಟ್ಟ ತೇವದ ಮೇಲೇ ಬೆಳೆದು, ಬಿಸಿಲಿನಲ್ಲಿ ಬಲಿತು, ಫೆಬ್ರುವರಿ, ಮಾರ್ಚ್‌ಗೆ ರಾಶಿಯಾಗುತ್ತದೆ. ಕಾಳು ಮುತ್ತಿನ ಹಾಗೆ ಹೊಳೆಯುತ್ತದೆ. ಸೊಲ್ಲಾಪುರದ ಹತ್ತಿರ ಮೋಹೋಳದಲ್ಲಿ ಊರ ಮಾಲ್ದಂಡಿಯಿಂದಲೇ ಆರಿಸಿ ತೆಗೆದ ಎಂ 35-1 ಅನ್ನುವ ತಳಿಯನ್ನು ನಮ್ಮ ರೈತರು ಇವತ್ತಿಗೂ ಬಿಟ್ಟಿಲ್ಲ. 1964ರಲ್ಲಿ ದೇಶದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಬಂತು, ಆಮೇಲೆ ಬೇಕಾದಷ್ಟು ಬಂದವು, ಇಳುವರಿ ಜಾಸ್ತಿ ಕೊಟ್ಟವು. ಆದರೆ ಊಟಕ್ಕೆ ಅಂತ ಎತ್ತಿಡುವ ಚೀಲ ಮಾತ್ರ ಮಾಲ್ದಂಡಿಯದೇ. ಕೊಳ್ಳುವಾಗ ಎರಡು ಕಾಳು ಹಲ್ಲಿನಲ್ಲಿ ಕಡಿದು ನೋಡಿ. "ಕಟ್" ಅನ್ನಬೇಕು. ಮೆತ್ತಗೆ ಪುಡಿಯಾದರೆ ಬೇಡ.

ಗಿರಣಿಯವರಿಗೆ "ರೊಟ್ಟಿಗೆ, ನುಣ್ಣಗೆ" ಅಂತ ಹೇಳಿ. ಕೆಲವರು ಐದು ಕೆಜಿಗೆ ಒಂದು ಹಿಡಿ ಉದ್ದಿನಬೇಳೆ ಹಾಕಿ ಬೀಸಿಸುತ್ತಾರೆ, ಜಿಗಿ ಬರಲಿ ಅಂತ. ಹೊಸಬರಿಗೆ ಅದು ಒಳ್ಳೆಯ ಊರುಗೋಲು. ಮನೆಗೆ ತಂದ ಹಿಟ್ಟು ಮುಟ್ಟಿದರೆ ಬಿಸಿ ಇರುತ್ತದೆ. ಹಾಗೇ ಡಬ್ಬಿಗೆ ತುಂಬಿದರೆ ಬೆವರುತ್ತದೆ, ಪೇಪರ್ ಮೇಲೆ ಹರಡಿ ಆರಿಸಿ. ಒಬ್ಬರಿಗೆ ಎರಡು ಕೆಜಿ ಸಾಕು. ಮೂರು ವಾರದೊಳಗೆ ಮುಗಿಸಿ. ಫ್ರಿಜ್‌ನಲ್ಲಿಟ್ಟರೆ ಇನ್ನೂ ಸ್ವಲ್ಪ ದಿನ ಬರುತ್ತದೆ.

ಇನ್ನು ನಾದುವುದು. ಎಲ್ಲಾ ಹಿಟ್ಟನ್ನು ಒಟ್ಟಿಗೆ ನಾದಿ ಉಂಡೆ ಕಟ್ಟಿ ಸಾಲಾಗಿ ಇಡುವುದು ಚಪಾತಿಯವರ ಅಭ್ಯಾಸ. ಇಲ್ಲಿ ಹಾಗೆ ಮಾಡಿದರೆ ಮೂರನೇ ರೊಟ್ಟಿಗೆ ಬರುವಷ್ಟರಲ್ಲಿ ಉಳಿದವು ಒಣಗಿರುತ್ತವೆ. ಒಂದು ರೊಟ್ಟಿಗೆ ಬೇಕಾದಷ್ಟೇ ಹಿಟ್ಟು, ಅಂದಾಜು 90ರಿಂದ 100 ಗ್ರಾಂ, ದೊಡ್ಡ ನಿಂಬೆಹಣ್ಣು ಎರಡು ಸೇರಿದಷ್ಟು, ಮುರಿದುಕೊಳ್ಳಿ. ಉಳಿದದ್ದಕ್ಕೆ ಒದ್ದೆ ಬಟ್ಟೆ ಮುಚ್ಚಿ. ಬೆರಳಿನಿಂದ ಹಿಸುಕಬೇಡಿ. ಅಂಗೈಯ ಬುಡ, ಮಣಿಕಟ್ಟಿನ ಮೇಲಿನ ಆ ದಪ್ಪ ಭಾಗ ಇದೆಯಲ್ಲ, ಅದರಿಂದ ಹಿಟ್ಟನ್ನು ಮುಂದಕ್ಕೆ ತಿಕ್ಕಿ, ಬೆರಳಿನಿಂದ ಹಿಂದಕ್ಕೆ ಎಳೆದುಕೊಳ್ಳಿ. ಮತ್ತೆ ತಿಕ್ಕಿ. ಪಕ್ಕದಲ್ಲಿ ಬಟ್ಟಲಲ್ಲಿ ನೀರು ಇರಲಿ. ಒಣಗಿದೆ ಅನ್ನಿಸಿದಾಗ ನೀರನ್ನು ಹಿಟ್ಟಿಗೆ ಸುರಿಯದೆ ಕೈಗೆ ಹಚ್ಚಿಕೊಂಡು ನಾದಿ. ಐದು ರೊಟ್ಟಿಗೆ ಹೀಗೆ ಇನ್ನೊಂದು 30ರಿಂದ 50 ಎಂಎಲ್ ನೀರು ಹಿಡಿಯುತ್ತದೆ.

ಎಷ್ಟು ಹೊತ್ತು? ನಿಮಗೆ ಎರಡರಿಂದ ಮೂರು ನಿಮಿಷ ಬೇಕು. ಗಡಿಯಾರಕ್ಕಿಂತ ಹಿಟ್ಟನ್ನೇ ನೋಡಿ. ಶುರುವಿನಲ್ಲಿ ತಿಕ್ಕಿದ ಜಾಗ ಒರಟಾಗಿ, ಹರಿದ ಬಟ್ಟೆಯ ಅಂಚಿನ ಹಾಗೆ ಕಾಣುತ್ತದೆ. ನಾದುತ್ತಾ ಹೋದ ಹಾಗೆ ಒಂದು ಹೊತ್ತಿನಲ್ಲಿ ಅದು ಬದಲಾಗುತ್ತದೆ, ಹಿಟ್ಟು ನುಣುಪಾಗಿ ಅಂಗೈಯನ್ನು ಬಿಟ್ಟು ಜಾರುತ್ತದೆ. ಆಗ ಉಂಡೆ ಕಟ್ಟಿ ಎರಡು ಅಂಗೈ ನಡುವೆ ಒಂದು ಬೆರಳು ದಪ್ಪಕ್ಕೆ ಒತ್ತಿ. ಅಂಚು ನೋಡಿ. ಬಿರುಕು ಇಲ್ಲದಿದ್ದರೆ ಬಡಿಯಲು ಕೂರಬಹುದು. ಕೂದಲೆಳೆಯಷ್ಟು ಬಿರುಕು ಕಂಡರೂ ಅದು ರೊಟ್ಟಿ ಅಗಲವಾದ ಹಾಗೆ ಬೆರಳಗಲದ ಸೀಳಾಗುತ್ತದೆ. ಕೈ ಒದ್ದೆ ಮಾಡಿಕೊಂಡು ಇನ್ನೊಂದು ನಿಮಿಷ ನಾದಿ, ಮತ್ತೆ ಒತ್ತಿ ನೋಡಿ. ನಿಮ್ಮ "ಅಂಚು ಬಿರಿಯುತ್ತದೆ" ಅನ್ನುವ ದೂರು ಇಲ್ಲೇ ಮುಗಿಯಬೇಕು. ಹಂಚಿನವರೆಗೆ ಹೋಗಬಾರದು.

ಬಡಿಯುವುದನ್ನು ಬರೆದು ಕಲಿಸುವುದು ಈಜು ಬರೆದು ಕಲಿಸಿದ ಹಾಗೆ, ಆದರೂ ಗುಟ್ಟು ಒಂದೇ ಇದೆ: ರೊಟ್ಟಿ ತಿರುಗಬೇಕು. ಮಣೆ ಅಥವಾ ಅಡುಗೆ ಕಟ್ಟೆಯ ಕಲ್ಲಿನ ಮೇಲೆ ಒಣ ಹಿಟ್ಟು ಧಾರಾಳವಾಗಿ ಉದುರಿಸಿ. ಉಂಡೆಯನ್ನು ಅದರ ಮೇಲಿಟ್ಟು, ಬೆರಳು ಕೂಡಿಸಿ, ಅಂಗೈ ಚಪ್ಪಟೆ ಮಾಡಿ ತಟ್ಟಿ. ತಟ್ಟಿದ ಕೈ ಮೇಲೇಳುವಾಗ ಸ್ವಲ್ಪ ಬಲಕ್ಕೆ ಜಾರಿಸಿದರೆ ರೊಟ್ಟಿ ತಾನೇ ಒಂಚೂರು ತಿರುಗುತ್ತದೆ. ಎಡಗೈ ಅಂಚಿಗೆ ಸುಮ್ನೆ ಆತುಕೊಂಡಿರಲಿ, ಅಂಚು ಬಿರಿಯದ ಹಾಗೆ ಕಾಯುವುದು ಅದರ ಕೆಲಸ. ತಿರುಗುವುದು ನಿಂತಿತು ಅಂದರೆ ಕೆಳಗೆ ಅಂಟಿಕೊಂಡಿದೆ ಅಂತ ಅರ್ಥ. ಇನ್ನೂ ಬಡಿದರೆ ಎತ್ತುವಾಗ ಹರಿಯುವುದು ಗ್ಯಾರಂಟಿ. ಮೆಲ್ಲಗೆ ಅಂಚು ಎತ್ತಿ ಹಿಟ್ಟು ತೂರಿಸಿ ಮುಂದುವರಿಸಿ. ನಡುವೆ ಜಾಸ್ತಿ ಬಡಿಯುವುದು ಎಲ್ಲರೂ ಮಾಡುವ ತಪ್ಪು. ನಡು ತೆಳುವಾಗಿ, ಅಂಚು ದಪ್ಪ ಉಳಿಯುತ್ತದೆ. ಅಂಚಿನ ಕಡೆ ಬಡಿಯಿರಿ, ನಡು ತಾನೇ ಅಗಲವಾಗುತ್ತದೆ.

ನಾನು ಕಲಿಯುವಾಗ ಅತ್ತೆ ಪಡಸಾಲೆಯಲ್ಲಿ ಕಾಳು ಹಸನು ಮಾಡುತ್ತಾ ಕೂತಿರುತ್ತಿದ್ದರು. ಅಡುಗೆಮನೆ ಅವರಿಗೆ ಕಾಣುತ್ತಿರಲಿಲ್ಲ. ನಾನು ನಾಲ್ಕು ಏಟು ಬಡಿದ ಕೂಡಲೇ ಅಲ್ಲಿಂದಲೇ ದನಿ: "ಹಿಟ್ಟ ಒಣಗ್ಯಾದವ್ವಾ, ನೀರ ಹಚ್ಚಿ ಇನ್ನೊಂದೀಟ ನಾದ." ಇವರಿಗೆ ಹೇಗೆ ಗೊತ್ತಾಯಿತು ಅಂತ ನನಗೆ ಸಿಟ್ಟೇ ಬರುತ್ತಿತ್ತು. ಸಪ್ಪಳದಿಂದ. ಹದವಾದ ಹಿಟ್ಟು "ಪಟ್ ಪಟ್" ಅಂತ ತುಂಬಿದ ಸಪ್ಪಳ ಕೊಡುತ್ತದೆ. ಒಣಗಿದ್ದು "ಟಕ್ ಟಕ್" ಅನ್ನುತ್ತದೆ. ನೀರು ಜಾಸ್ತಿಯಾದದ್ದಕ್ಕೆ ಸಪ್ಪಳವೇ ಇರುವುದಿಲ್ಲ, ಕೈಗೆ ಹತ್ತಿಕೊಳ್ಳುತ್ತದೆ. ಮುಂದಿನ ಸಲ ಬಡಿಯುವಾಗ ಅವ್ವನಿಗೆ ಫೋನ್ ಮಾಡಿ, ಫೋನನ್ನು ಮಣೆ ಪಕ್ಕದಲ್ಲಿ ಇಡಿ. ಅಳತೆ ಹೇಳಲು ಬಾರದವರು ಸಪ್ಪಳ ಕೇಳಿ ತಪ್ಪು ಹೇಳುತ್ತಾರೆ, ನೋಡಿ.

ಲಟ್ಟಿಸಬಹುದಾ ಅಂದರೆ, ಧಾರಾಳವಾಗಿ ಲಟ್ಟಿಸಿ. ಎಸರು ಚೆನ್ನಾಗಿ ಹಿಡಿದ ಹಿಟ್ಟು ಲಟ್ಟಣಿಗೆಗೆ ಬಗ್ಗುತ್ತದೆ. ಒತ್ತಬೇಡಿ, ಹಗುರವಾಗಿ ಉರುಳಿಸಿ, ಆಗಾಗ ತಿರುಗಿಸಿ. ಅರ್ಧ ಬಡಿದು, ಕೊನೆಗೆ ನಾಲ್ಕು ಸಲ ಲಟ್ಟಣಿಗೆ ಆಡಿಸುವುದು ನಾನು ಹೊಸಬರಿಗೆ ಹೇಳುವ ಉಪಾಯ. ರೊಟ್ಟಿ ಕೇಂದ್ರಗಳಲ್ಲಿ ಈಗ ಮಷಿನ್‌ಗಳೇ ಬಂದಿವೆ, ನಿಮ್ಮ ಲಟ್ಟಣಿಗೆಗೆ ಯಾರೂ ದಂಡ ಹಾಕುವುದಿಲ್ಲ. ಶುರುವಿಗೆ ಏಳು ಇಂಚಿನ ರೊಟ್ಟಿ ಮಾಡಿ. ಅವ್ವನ ಹನ್ನೊಂದು ಇಂಚಿನದು ಆಮೇಲೆ.

ಗೋಧಿ ಹಿಟ್ಟು ಬೆರೆಸಿದರೆ ಹರಿಯುವುದು ನಿಲ್ಲುತ್ತದೆ, ನಿಜ. ನಾಲ್ಕನೇ ಒಂದು ಪಾಲು ಹಾಕಿದರೂ ಸಾಕು. ಆದರೆ ಆರಿದ ಮೇಲೆ ಚರ್ಮದ ಹಾಗೆ ಜಗಿಯಬೇಕಾಗುತ್ತದೆ, ಜೋಳದ ರುಚಿಯೂ ಹಿಂದೆ ಸರಿಯುತ್ತದೆ. ಗ್ಲುಟನ್ ಆಗಿಬರದವರು ಯಾರಾದರೂ ಊಟಕ್ಕೆ ಬಂದರೆ ಅವರಿಗೆ ಹೇಳದೆ ಕೊಡಬೇಡಿ. ಅಂದ ಹಾಗೆ, ಶುಗರ್ ಇರುವವರು ಜೋಳದ ರೊಟ್ಟಿ ಎಷ್ಟು ತಿಂದರೂ ನಡೆಯುತ್ತದೆ ಅನ್ನುವ ಮಾತು ಈಚೆಗೆ ಜಾಸ್ತಿ ಕೇಳುತ್ತೇನೆ. ಜೋಳದಲ್ಲೂ ನೂರಕ್ಕೆ 70ರಷ್ಟು ಪಿಷ್ಟವೇ. ನಾರು ಚೆನ್ನಾಗಿದೆ, ಹೊಟ್ಟೆ ತುಂಬುತ್ತದೆ, ಆದರೆ ಅದು ಮಾತ್ರೆ ಅಲ್ಲ.

ಈಗ ಹಂಚು. ನಿಮ್ಮ ನಾನ್‌ಸ್ಟಿಕ್ ತವಾವನ್ನು ದೋಸೆಗೆ ಇಟ್ಟುಕೊಳ್ಳಿ. ರೊಟ್ಟಿಗೆ ಹಂಚು ಒಣಗಿ, ಚೆನ್ನಾಗಿ ಕಾಯಬೇಕು, ಆ ಕಾವಿಗೆ ನಾನ್‌ಸ್ಟಿಕ್ ಲೇಪ ಹಾಳಾಗುತ್ತದೆ. ತಳ ಸಪಾಟಾದ ಕಬ್ಬಿಣದ ತವಾ ತನ್ನಿ, ಇಂಡಕ್ಷನ್ ಮೇಲೆ ಚೆನ್ನಾಗಿಯೇ ಕಾಯುತ್ತದೆ. ಊರಿನ ತಗ್ಗು ಹಂಚು ಇಂಡಕ್ಷನ್‌ಗೆ ಆಗುವುದಿಲ್ಲ. ಒಮ್ಮೆಲೇ ಪೂರ್ತಿ ಕಾವು ಕೊಡಬೇಡಿ, ತವಾ ಸೊಟ್ಟಗಾಗುತ್ತದೆ, ಎರಕದ್ದಾದರೆ ಸೀಳಲೂಬಹುದು. ಮಧ್ಯಮದಲ್ಲಿ ಐದಾರು ನಿಮಿಷ ಕಾಯಿಸಿ. ಒಂದು ಚಿಟಿಕೆ ಒಣ ಹಿಟ್ಟು ಉದುರಿಸಿ ನೋಡಿ. ನಿಧಾನಕ್ಕೆ ಕೆಂಪಗಾದರೆ ಹದ, ಬಿದ್ದ ಕೂಡಲೇ ಕಪ್ಪಾದರೆ ಕಾವು ಇಳಿಸಿ, ಬೆಳ್ಳಗೇ ಇದ್ದರೆ ಇನ್ನೂ ಕಾಯಿಸಿ.

ರೊಟ್ಟಿಯನ್ನು ಎರಡೂ ಅಂಗೈ ಮೇಲೆ ಎತ್ತಿಕೊಂಡು, ಹಿಟ್ಟು ಹತ್ತಿದ ಕೆಳಭಾಗ ಮೇಲೆ ಬರುವ ಹಾಗೆ ಹಂಚಿಗೆ ಹಾಕಿ. ಆಮೇಲೆ ಒದ್ದೆ ಬಟ್ಟೆಯಿಂದ ಅಥವಾ ಕೈಯಿಂದ ಮೇಲೆಲ್ಲಾ ನೀರು ಸವರಿ. ಇದು ಒಣ ಹಿಟ್ಟು ತೊಳೆಯುವುದಕ್ಕೆ ಮಾತ್ರ ಅಂತ ತುಂಬ ಜನ ತಿಳಿದಿದ್ದಾರೆ. ಇನ್ನೊಂದು ದೊಡ್ಡ ಕೆಲಸ ಇದೆ. ಆ ನೀರು, ಕೆಳಗಿನ ಕಾವು ಸೇರಿ ರೊಟ್ಟಿಯ ಮೇಲೆ ಮತ್ತೆ ಒಂದು ತೆಳ್ಳನೆ ಗಂಜಿ ಪದರ ಕಟ್ಟುತ್ತದೆ. ಸಣ್ಣ ಸಣ್ಣ ತೂತೆಲ್ಲಾ ಮುಚ್ಚಿಹೋಗುತ್ತವೆ. ಒಳಗಿನ ಹಬೆಗೆ ಹೊರಬರಲು ದಾರಿ ಇಲ್ಲದಾಗ ಅದು ರೊಟ್ಟಿಯನ್ನೇ ಎತ್ತುತ್ತದೆ. ಉಬ್ಬುವುದು ಅಂದರೆ ಇಷ್ಟೇ. ಒಂದು ಕಡೆ ಸೀಳಿದ್ದರೆ ಹಬೆ ಅಲ್ಲಿಂದ ಹೋಗಿಬಿಡುತ್ತದೆ, ನೀವು ಎಷ್ಟು ಒತ್ತಿದರೂ ಉಬ್ಬುವುದಿಲ್ಲ.

ತಿರುವುವ ಹೊತ್ತು ತಪ್ಪಬಾರದು. ನೀರು ಸವರಿದಾಗ ರೊಟ್ಟಿ ಪಳಪಳ ಹೊಳೆಯುತ್ತದೆ. ಇಪ್ಪತ್ತು, ಇಪ್ಪತ್ತೈದು ಸೆಕೆಂಡಿಗೆ ಆ ಹೊಳಪು ಮಾಸುತ್ತದೆ, ಮುಟ್ಟಿದರೆ ಇನ್ನೂ ತಂಪು ಇರುತ್ತದೆ. ಆಗಲೇ ತಿರುವಿ. ಹೊಳೆಯುತ್ತಿರುವಾಗ ತಿರುವಿದರೆ ಹಂಚಿಗೆ ಅಂಟುತ್ತದೆ, ಪೂರ್ತಿ ಒಣಗಲು ಬಿಟ್ಟರೆ ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿಯುತ್ತದೆ. ಎರಡನೇ ಬದಿ ಒಂದು, ಒಂದೂವರೆ ನಿಮಿಷ ಬೇಯಲಿ, ಕಂದು ಚುಕ್ಕೆ ಬರಬೇಕು. ಇಂಡಕ್ಷನ್‌ನಲ್ಲಿ ನಡುವೆ ಕಾವು ಜಾಸ್ತಿ, ಅಂಚಿಗೆ ಕಮ್ಮಿ. ರೊಟ್ಟಿಯನ್ನು ಆಚೆ ಈಚೆ ಸರಿಸುತ್ತಾ ತಿರುಗಿಸುತ್ತಾ ಇರಿ.

ಗ್ಯಾಸ್ ಇದ್ದವರು ಈಗ ಮೊದಲ ಬದಿಯನ್ನು ಸೀದಾ ಉರಿಗೆ ಹಿಡಿಯುತ್ತಾರೆ. ಕಟ್ಟಿಗೆ ಒಲೆಯವರು ಕೆಂಡದ ಮುಂದೆ ನಿಲ್ಲಿಸುತ್ತಾರೆ, ಆ ರುಚಿ ಬೇರೆ ಬಿಡಿ. ನಿಮಗೆ ಉರಿ ಇಲ್ಲ, ಚಿಂತೆ ಇಲ್ಲ. ಹಂಚಿನ ಮೇಲೇ ಮತ್ತೆ ತಿರುವಿ ಹಾಕಿ, ಬಟ್ಟೆ ಮಡಚಿಕೊಂಡು ಅಂಚಿನಿಂದ ಶುರು ಮಾಡಿ ಮೆಲ್ಲಗೆ ಒತ್ತಿ. ಒಂದು ಕಡೆ ಒತ್ತಿದರೆ ಹಬೆ ಇನ್ನೊಂದು ಕಡೆ ಓಡುತ್ತದೆ. ಅದನ್ನೇ ಹಿಂಬಾಲಿಸುತ್ತಾ ಒತ್ತುತ್ತಾ ಹೋದರೆ ಇಡೀ ರೊಟ್ಟಿ ಎದ್ದು ಕೂರುತ್ತದೆ. ಕೈ ಜೋಪಾನ, ಆ ಹಬೆ ಬಟ್ಟೆ ದಾಟಿ ಸುಡುತ್ತದೆ. ನನ್ನ ಬಲಗೈಯ ಹೆಬ್ಬೆರಳ ಮೇಲೆ ಇನ್ನೂ ಕಲೆ ಇದೆ.

ಬೆಂದ ರೊಟ್ಟಿಯನ್ನು ತಟ್ಟೆ ಮೇಲೆ ಬಿಡಬೇಡಿ, ಕೆಳಗೆ ನೀರು ಬಿಟ್ಟು ಒದ್ದೆಯಾಗುತ್ತದೆ. ಬಟ್ಟೆ ಹಾಸಿದ ಬುಟ್ಟಿಯಲ್ಲಿ ಸುತ್ತಿಡಿ. ಆರಿದ ಮೇಲೆ ಗಟ್ಟಿಯಾಗುವುದು ನಿಮ್ಮ ತಪ್ಪಲ್ಲ. ಬೆಂದ ಪಿಷ್ಟದ ಗುಣವೇ ಅದು, ಅನ್ನವೂ ಮರುದಿನ ಬಿರುಸಾಗುತ್ತದಲ್ಲ. ನಮ್ಮವರು ಅದರ ಜೊತೆ ಜಗಳ ಆಡದೆ ಕಡಕ್ ರೊಟ್ಟಿ ಮಾಡಿಕೊಂಡರು. ತೆಳ್ಳಗೆ ಬಡಿದು, ಸಣ್ಣ ಕಾವಿನಲ್ಲಿ ಬೇಯಿಸಿ, ತೇವ ಒಂಚೂರೂ ಇಲ್ಲದ ಹಾಗೆ ಒಣಗಿಸಿದರೆ ತಿಂಗಳಾದರೂ ಕೆಡುವುದಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳವರು ಮನೆಮನೆಯಲ್ಲಿ ರೊಟ್ಟಿ ಮಾಡಿ ದಾಸೋಹಕ್ಕೆ ಒಯ್ದು ಕೊಡುತ್ತಾರೆ. ಡಂಬಳದಲ್ಲಂತೂ ರೊಟ್ಟಿ ಜಾತ್ರೆ ಅಂತಲೇ ಇದೆ. ಕೆಡದ ರೊಟ್ಟಿ ಅಲ್ಲದಿದ್ದರೆ ಇದೆಲ್ಲ ಆಗುತ್ತಿರಲಿಲ್ಲ. ಆದರೆ ಕಡಕ್ ರೊಟ್ಟಿಗೆ ಕೈ ಹಾಕುವುದು ನಿಮ್ಮ ಬಿಸಿ ರೊಟ್ಟಿ ಹತ್ತಕ್ಕೆ ಎಂಟು ಉಬ್ಬಿದ ಮೇಲೆ.

ಅಲ್ಲಿಯವರೆಗೆ ಹರಿದವು ಇದ್ದೇ ಇರುತ್ತವೆ. ಹರಿದದ್ದನ್ನು ಸ್ವಲ್ಪ ದಪ್ಪ ಇರುವಾಗಲೇ ಎರಡೂ ಬದಿ ಚೆನ್ನಾಗಿ ಬೇಯಿಸಿ, ಬಿಸಿ ಇರುವಾಗಲೇ ಮುರಿದು ಕುಟ್ಟಾಣಿಗೆ ಹಾಕಿ. ನಾಲ್ಕು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಜೀರಿಗೆ, ಉಪ್ಪು, ಕೆಂಪು ಖಾರ, ಎರಡು ಚಮಚ ಶೇಂಗಾ ಎಣ್ಣೆ. ಕುಟ್ಟಿ, ಮುಷ್ಟಿಯಲ್ಲಿ ಹಿಡಿದು ಒತ್ತಿ, ಬೆರಳಿನ ಗುರುತು ಮೂಡಬೇಕು. ಇದೇ ಮುಟಗಿ, ನಿಮಗೆ ಗೊತ್ತೇ ಇರುತ್ತದೆ. ಮೇಲೆ ತುಪ್ಪ, ಪಕ್ಕದಲ್ಲಿ ಗಟ್ಟಿ ಮೊಸರು. ನನ್ನ ಆ ಮೊದಲ ಎರಡು ತಿಂಗಳಿನಲ್ಲಿ ಎಮ್ಮೆಗೆ ಹೋಗದೆ ಉಳಿದ ರೊಟ್ಟಿಗಳೆಲ್ಲ ಹೀಗೇ ಖರ್ಚಾದವು. ಕೊನೆಕೊನೆಗೆ ಮಾವನವರು "ಇವತ್ತೂ ಹರದಾವೇನವಾ?" ಅಂತ ಆಸೆಯಿಂದಲೇ ಕೇಳುತ್ತಿದ್ದರು.